ಆಹಾರ ಸೇವನೆಯ ಕಾಯಿಲೆಯುಳ್ಳ ಪೋಷಕರು ಮತ್ತು ಮಕ್ಕಳ ಊಟ: ಸಾರ್ವಜನಿಕರಿಗೆ ಮಾಹಿತಿ

ಕಾಯಿಲೆಯ ಸ್ವರೂಪ
ಆಹಾರವನ್ನು ವಿಪರೀತ ಕಡಿತಗೊಳಿಸುವ ಅನೊರೆಕ್ಸಿಯಾ, ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಹಾಗೂ ಹತೋಟಿಯಿಲ್ಲದೆ ಪದೇ ಪದೇ ಅತಿಯಾಗಿ ತಿನ್ನುವುದು ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಕಾಯಿಲೆಗಳಾಗಿವೆ. ಇವು ಹಟವಲ್ಲ, ಚಾಪಲ್ಯವೂ ಅಲ್ಲ. ಸ್ತ್ರೀಯರಲ್ಲಿ ಮಾತ್ರವಲ್ಲದೆ ಪುರುಷರಲ್ಲಿಯೂ ಕಂಡುಬರುತ್ತವೆ. ಚಿಕಿತ್ಸೆಯಿಂದ ಚೇತರಿಸಿಕೊಳ್ಳಬಹುದಾಗಿದೆ.

ಮಕ್ಕಳ ಮೇಲಿನ ಪರಿಣಾಮ
ಇಂತಹ ಪೋಷಕರಿಗೆ ಮಗುವಿಗೆ ಎಷ್ಟು ಬಡಿಸಬೇಕೆಂಬುದೇ ಗೊಂದಲವಾಗಬಹುದು. ಮಗು ದಪ್ಪವಾದೀತೆಂಬ ಭಯದಿಂದ ಅನ್ನ, ತುಪ್ಪ ಕಡಿಮೆ ಮಾಡುವುದು, ಮಗುವಿನೊಂದಿಗೆ ಊಟಕ್ಕೆ ಕೂರದಿರುವುದು ಸಾಮಾನ್ಯ. ಕಾಯಿಲೆಗೆ ವಂಶವಾಹಿ ಕಾರಣಗಳೂ ಉಂಟು. ಆದರೆ ಅದು ಮಗುವಿಗೂ ಬಂದೇ ತೀರುತ್ತದೆ ಎಂದಲ್ಲ.

ಪಾಲಿಸಬೇಕಾದ ಕ್ರಮಗಳು
1. ಯಾವ ಆಹಾರ, ಯಾವ ವೇಳೆಗೆ ಎಂಬುದನ್ನು ಹಿರಿಯರು ನಿರ್ಧರಿಸತಕ್ಕದ್ದು. ಎಷ್ಟು ತಿನ್ನಬೇಕೆಂಬುದನ್ನು ಮಗುವಿಗೆ ಬಿಡತಕ್ಕದ್ದು. ಸಾಕೆಂದಾಗ ಒತ್ತಾಯ ಬೇಡ, ಮತ್ತೆ ಕೇಳಿದಾಗ ನಿರಾಕರಣೆಯೂ ಬೇಡ.
2. ಮೊದಲ 6 ತಿಂಗಳು ಎದೆಹಾಲು ಮಾತ್ರ. ಅನಂತರ ಎದೆಹಾಲಿನೊಂದಿಗೆ ಪೂರಕ ಆಹಾರ ನೀಡಬೇಕು. ಎಳೆಯ ಮಕ್ಕಳ ಬೆಳವಣಿಗೆಗೆ ಕೊಬ್ಬಿನಂಶ ಅವಶ್ಯಕ.
3. ಮಗುವಿನ ತೂಕವನ್ನು ಕಣ್ಣಳತೆಯಿಂದ ನಿರ್ಣಯಿಸದೆ, ಅಂಗನವಾಡಿಯ ಬೆಳವಣಿಗೆ ನಕ್ಷೆಯನ್ನು ಆಧರಿಸುವುದು.
4. ಮಗುವಿನ ಎದುರು ಯಾರ ಮೈಕಟ್ಟನ್ನೂ ಹೀಗಳೆಯಬಾರದು. ಸಿಹಿತಿಂಡಿಯನ್ನು ಬಹುಮಾನವಾಗಿ, ಉಪವಾಸವನ್ನು ಶಿಕ್ಷೆಯಾಗಿ ಬಳಸಬಾರದು.
5. ಊಟದ ವೇಳೆ ಕಷ್ಟವೆನಿಸಿದ ದಿನ ಮನೆಯ ಇನ್ನೊಬ್ಬ ಹಿರಿಯರು ಮಗುವಿಗೆ ಬಡಿಸಲಿ. ಸಾಧ್ಯವಾದಷ್ಟು ದಿನ ಪೋಷಕರೂ ಪಂಕ್ತಿಯಲ್ಲಿ ಕೂರಲಿ.
6. ತಿಳಿವಳಿಕೆ ಬಂದ ಮಗುವಿಗೆ, ತಮಗೆ ಊಟಕ್ಕೆ ಸಂಬಂಧಿಸಿದ ಕಾಯಿಲೆಯಿದೆ, ವೈದ್ಯರು ನೋಡುತ್ತಿದ್ದಾರೆ, ಅದು ಮಗುವಿನಿಂದ ಬಂದದ್ದಲ್ಲ ಎಂದು ಸರಳವಾಗಿ ಹೇಳುವುದು.

ಗರ್ಭಿಣಿಯರ ಗಮನಕ್ಕೆ
ಹಿಂದೆ ಇದ್ದ ಕಾಯಿಲೆಯನ್ನೂ ಮೊದಲ ತಪಾಸಣೆಯಲ್ಲಿಯೇ ವೈದ್ಯರಿಗೆ ತಿಳಿಸುವುದು ಸೂಕ್ತ. ತೂಕದ ಅಂಕಿಯನ್ನು ಕೇಳಿದರೆ ಆತಂಕವಾಗುವವರು, ಅದನ್ನು ತಮಗೆ ಹೇಳದೆ ದಾಖಲಿಸುವಂತೆ ಕೋರಬಹುದು.

ಚಿಕಿತ್ಸೆಗೆ ಬಂದರೆ ಮಗುವನ್ನು ಬೇರ್ಪಡಿಸಲಾಗುವುದೇ?
ಈ ಭಯದಿಂದ ಅನೇಕ ತಾಯಂದಿರು ಕಾಯಿಲೆಯನ್ನು ಮುಚ್ಚಿಡುವ ಸಂಭವವಿದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 21ನೇ ಪ್ರಕರಣದ ಮೇರೆಗೆ, ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆಯೆಂದು ಮನೋವೈದ್ಯರು ಪರೀಕ್ಷಿಸಿ ಕಂಡುಕೊಂಡಲ್ಲಿ, ಅಥವಾ ಮಗುವಿನ ಹಿತಕ್ಕೆ ಅವಶ್ಯವೆನಿಸಿದಲ್ಲಿ ಮಾತ್ರ ತಾತ್ಕಾಲಿಕವಾಗಿ ಬೇರಿರಿಸಬಹುದು. ಆ ಅವಧಿಯಲ್ಲಿಯೂ ಸೂಕ್ತ ಮೇಲ್ವಿಚಾರಣೆಯಲ್ಲಿ ತಾಯಿ ಮಗುವನ್ನು ಕಾಣಲು ಅವಕಾಶವಿರುತ್ತದೆ.

ಸೇವೆ ಪಡೆಯುವ ವಿಧಾನ
* ಟೆಲಿ-ಮನಸ್ ಸಹಾಯವಾಣಿ 14416: ದಿನದ 24 ಗಂಟೆಯೂ ಉಚಿತ; ಕನ್ನಡದಲ್ಲಿ ಮಾತನಾಡಬಹುದು.
* ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ.
* ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ.

ಮೂರ್ಛೆ, ಎದೆಬಡಿತದಲ್ಲಿ ಏರುಪೇರು ಅಥವಾ ವಾಂತಿಯಲ್ಲಿ ರಕ್ತ ಕಂಡುಬಂದಲ್ಲಿ ತಡಮಾಡದೆ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡತಕ್ಕದ್ದು.