ನಮ್ಮೂರ ಹುಳ, ಜಗತ್ತಿನ ಪಾಠ

ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಕಡೆ ಹುಳ ಸಾಕೋ ಮನೆಗೆ ಹೋಗಿದ್ದೀರಾ? ನಾಲ್ಕನೇ ಜ್ವರ ಎದ್ದ ಹುಳ ವಾರದಷ್ಟು ದಿನ ಸೊಪ್ಪು ತಿಂದು ಹಣ್ಣಾಗುತ್ತೆ. ಆಮೇಲೆ ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತೆ. ಟಿಪ್ಪು ಕಾಲದಿಂದ ಮೈಸೂರು ಸೀಮೆಯವರು ನೋಡ್ತಾ ಬಂದಿರೋದು ಇದನ್ನೇ.

ರೇಷ್ಮೆ ಎಳೆಯ ಪ್ರೋಟೀನ್ ಹೆಸರು ಫೈಬ್ರಾಯಿನ್. ಅದರ ಜೀನ್ ಹುಳದ ಕಣ್ಣಲ್ಲೂ ಇದೆ, ಕಾಲಲ್ಲೂ ಇದೆ. ಆದರೆ ಫೈಬ್ರಾಯಿನ್ ತಯಾರಾಗೋದು ರೇಷ್ಮೆ ಗ್ರಂಥಿಯ ಹಿಂಭಾಗದಲ್ಲಿ ಮಾತ್ರ. ಅಲ್ಲಿ ಆ ಜೀನ್‌ಗೆ ಮಾತ್ರ ಹೆಚ್ಚು ಪ್ರತಿಗಳಿರಬಹುದಾ?

1972ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ತಂಡ ಲೆಕ್ಕ ಹಾಕಿ ನೋಡಿತು. ಇಲ್ಲ! ಜೀನ್ ಅದೇ, ಅಲ್ಲಿ ಅದು 'ಆನ್' ಆಗಿರುತ್ತೆ ಅಷ್ಟೇ. ಕೆಲವೇ ದಿನದಲ್ಲಿ ಒಂದೊಂದು ಜೀನ್‌ನಿಂದ ಸುಮಾರು 100 ಕೋಟಿ ಫೈಬ್ರಾಯಿನ್ ಅಣು.

ಫೈಬ್ರಾಯಿನ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಗ್ಲೈಸೀನ್. ಅದನ್ನು ಹೊತ್ತು ತರೋದು ಟಿಆರ್‌ಎನ್‌ಎ. ಆ ಟಿಆರ್‌ಎನ್‌ಎ ಜೀನ್‌ಗಳನ್ನು ಗ್ರಂಥಿ ಹೇಗೆ ನಿಯಂತ್ರಿಸುತ್ತೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಪಿ. ಗೋಪಿನಾಥನ್ ತಂಡ 1992ರಲ್ಲಿ ಬರೆಯಿತು.

ಗ್ರಂಥಿಯೊಳಗೆ ಫೈಬ್ರಾಯಿನ್ ಇನ್ನೂ ಅಂಟು ದ್ರವ. ಬಾಯಿ ಕಡೆ ಸಾಗುವಾಗ ಆಮ್ಲೀಯತೆ ಹೆಚ್ಚುತ್ತೆ, ಹುಳ ತಲೆ ಆಡಿಸಿ ಜಗ್ಗುತ್ತೆ. ಆಗ ಅಣುಗಳು ತಾವೇ ಸಾಲಾಗಿ ಜೋಡಿಕೊಂಡು ಗಟ್ಟಿ ಎಳೆಯಾಗುತ್ತವೆ.

"ಹುಳದ ವಾಸನೆ" ಅಂತ ಯಾರಾದ್ರೂ ಮೂಗು ಮುಚ್ಚಿಕೊಂಡ್ರೆ ತಲೆ ತಗ್ಗಿಸಬೇಡಿ. ಜೀನ್ ಹೇಗೆ ಆನ್ ಆಗುತ್ತೆ ಅಂತ ಜಗತ್ತಿಗೆ ಪಾಠ ಹೇಳಿದವರಲ್ಲಿ ನಿಮ್ಮನೆ ಹುಳದ ಬಳಗವೂ ಇದೆ.

ನಿಮ್ಮೂರಲ್ಲಿ ಈಗಲೂ ಹುಳ ಸಾಕ್ತಾರಾ? ಕಾಮೆಂಟ್‌ನಲ್ಲಿ ಹೇಳಿ.

#ಕೋಲಾರ #ರೇಷ್ಮೆ #ವಿಜ್ಞಾನಚರಿತ್ರೆ