ಮುದ್ದೆಗೆ ಬೋರ್ಡು ಬಂದ ಕಥೆ

ಗೌರಿಬಿದನೂರು ಕಡೆಯ ಮುದ್ದೆ ಹೋಟೆಲಿಗೆ ಮೆನು ಕಾರ್ಡು ಬೇಕಿಲ್ಲ. ಮುದ್ದೆ ಇದ್ದೇ ಇರುತ್ತದೆ. ಕೇಳಬೇಕಾದ್ದು ‘ಇವತ್ತು ಸಾರೇನು?’ ಎಂದಷ್ಟೇ. ಬಸ್ಸಾರೋ, ಮಸ್ಸೊಪ್ಪೋ, ಹುರುಳಿಕಾಳು ಸಾರೋ. ಮಾಂಸ ಮಾಡುವ ಕಡೆಯಾದರೆ ನಾಟಿಕೋಳಿ. ಹಿಂದೂಪುರ ಪಕ್ಕದಲ್ಲೇ ಇರುವುದರಿಂದ ಅದನ್ನೇ ‘ಸಂಗಟಿ’ ಎಂದು ಕೇಳುವವರೂ ಉಂಟು. ಇದೆಲ್ಲ ಅನಾದಿ ಕಾಲದಿಂದ ನಡೆದುಬಂದಂತೆ ಕಾಣುತ್ತದೆ. ಆದರೆ ಕಾಸು ಕೊಟ್ಟು ಮುದ್ದೆ ಉಣ್ಣುವುದು ಈ ಸೀಮೆಗೆ ತೀರ ಈಚಿನ ರೂಢಿ.

ಧಾನ್ಯ ಮಾತ್ರ ಹಳೆಯದು. ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದ ರಾಗಿ ನಮ್ಮ ಕೆಂಪು ಮಣ್ಣಿಗೆ ಚೆನ್ನಾಗಿ ಒಗ್ಗಿಕೊಂಡಿತು. 16ನೇ ಶತಮಾನದಲ್ಲಿ ಕನಕದಾಸರು ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ರಾಗಿಯನ್ನು ಗೆಲ್ಲಿಸಿದರು. ಬಯಲುಸೀಮೆಯ ರೈತನಿಗೆ ಅದು ಬರೀ ಕವಿಕಲ್ಪನೆ ಅನ್ನಿಸಿರಲಾರದು. ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುವುದನ್ನು ಅವನು ಕಣ್ಣಾರೆ ಕಂಡವನು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಕೂಡ ಒಣಭೂಮಿಯ ಬೆಳೆಗಳಲ್ಲಿ ರಾಗಿಯೇ ಮುಖ್ಯ, ಸಾಮಾನ್ಯ ಜನರ ಆಹಾರ ಅದೇ ಎಂದು ಬರೆದಿಟ್ಟ. ಹಗೇವಿನ ಆ ಭದ್ರತೆಗೂ ಒಂದು ಮಿತಿಯಿತ್ತು. 1876–78ರ ಕ್ಷಾಮದಲ್ಲಿ ರಾಗಿಯ ದಾಸ್ತಾನೂ ಕೈಹಿಡಿಯಲಿಲ್ಲ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಕ್ಷಾಮದ ನಂತರ, 1890ರ ದಶಕದಲ್ಲಿ, ಬೆಂಗಳೂರು–ಗುಂತಕಲ್ ರೈಲು ಮಾರ್ಗ ಗೌರಿಬಿದನೂರಿನ ಮೇಲೆ ಹಾದುಹೋಯಿತು. ಹಳಿಯ ಜೊತೆ ಪೇಟೆಯ ರೂಢಿಯೂ ಬಂತು; ಮುಂದಿನ ಶತಮಾನದಲ್ಲಿ ಹೋಟೆಲ್ ಎಂದರೆ ಕಾಫಿ, ಇಡ್ಲಿ, ದೋಸೆ ಎಂದಾಯಿತು. ಬೆಂಗಳೂರಿನಲ್ಲಿ 1924ರ ಎಂಟಿಆರ್, 1943ರ ವಿದ್ಯಾರ್ಥಿ ಭವನ ಹೆಸರಾದದ್ದು ಆ ತಿಂಡಿಗಳಿಂದಲೇ. ಆ ಪಟ್ಟಿಯಲ್ಲಿ ಮುದ್ದೆಗೆ ಜಾಗವಿರಲಿಲ್ಲ. ಉಡುಪಿ ಕಡೆಯ ಬ್ರಾಹ್ಮಣರು ನಡೆಸುತ್ತಿದ್ದ ಅಡುಗೆಮನೆಗಳಿಗೆ ಅದು ತಮ್ಮ ಊಟವಲ್ಲ. ಉಣ್ಣುವ ಒಕ್ಕಲು ಮನೆಯವರಿಗೂ ನೆಂಟರ ಮುಂದೆ ಇಡುವ ಮರ್ಯಾದೆಯ ಊಟ ಅನ್ನವೇ. ಮುದ್ದೆಗೆ ಮೊದಲು ಬಾಗಿಲು ತೆರೆದವು ಮಾಂಸದೂಟದ ‘ಮಿಲಿಟರಿ ಹೋಟೆಲು’ಗಳು. ಸೊಪ್ಪಿನ ಸಾರಿನ ಮುದ್ದೆ ಬೋರ್ಡಿಗೇರಲು ಇನ್ನೂ ಬಹುಕಾಲ ಹಿಡಿಯಿತು.

ಜಾತಿ, ಅಂತಸ್ತಿನ ಜೊತೆಗೆ ಶ್ರಮದ ಲೆಕ್ಕವೂ ಇದೆ. ಕೋಳಿ ಕೂಗುವ ಮೊದಲೇ ಹೆಂಗಸರು ರಾಗಿಕಲ್ಲಿನ ಮುಂದೆ ಕೂರಬೇಕಿತ್ತು. ಬೀಸುವ ಕೆಲಸವನ್ನು ಗಿರಣಿ ತಪ್ಪಿಸಿತು, ತೊಳಸುವುದು ಉಳಿಯಿತು. ಕುದಿಯುವ ಎಸರಿಗೆ ಹಿಟ್ಟು ಸುರಿದು, ಪಾತ್ರೆ ಅಲುಗದಂತೆ ಕವೆಗೋಲು ಒತ್ತಿಹಿಡಿದು, ಗಂಟು ಕಟ್ಟದಂತೆ ಕೋಲಿನಿಂದ ತಿರುವಬೇಕು, ಸುಡುವಾಗಲೇ ಕೈ ಒದ್ದೆಮಾಡಿಕೊಂಡು ಉಂಡೆ ಕಟ್ಟಬೇಕು. ಬೆಳಗಿನ ರೈಲಿಗೆ, ಫ್ಯಾಕ್ಟರಿಗೆ ಹೊರಟ ಮನೆಗಳಲ್ಲಿ ಇದಕ್ಕೆ ಪುರುಸೊತ್ತೆಲ್ಲಿ? ಮನೆಯಲ್ಲಿ ಕೈಬಿಟ್ಟುಹೋದ ಕೆಲಸವನ್ನೇ ಹೋಟೆಲು ಎತ್ತಿಕೊಂಡಿತು.

ಅಷ್ಟರಲ್ಲಿ ಹೊಲವೂ ಬದಲಾಗಿತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ’ ಲಕ್ಷ್ಮಣಯ್ಯ ಭಾರತದ ತಳಿಗಳಿಗೆ ಆಫ್ರಿಕಾದವನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟು ಇಳುವರಿ ಏರಿಸಿದರು. ಆದರೂ ಪಡಿತರದ ಅಕ್ಕಿ ಅನ್ನವನ್ನು ದಿನದೂಟ ಮಾಡಿತು, ಗೌರಿಬಿದನೂರಿನ ಹೊಲಗಳಿಗೆ ಮುಸುಕಿನ ಜೋಳ ನುಗ್ಗಿತು. ಹಬ್ಬಕ್ಕೆ ಮಾತ್ರ ಅನ್ನ ಕಂಡಿದ್ದವರ ಮೊಮ್ಮಕ್ಕಳು ಈಗ ಭಾನುವಾರ ಮುದ್ದೆಗಾಗಿ ಹೋಟೆಲಿಗೆ ಹೋಗುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರುವ ಎಷ್ಟೋ ಮೊದಲೇ ಇಲ್ಲಿನ ಸಕ್ಕರೆ ಕಾಯಿಲೆಯವರು ಮುದ್ದೆಗೆ ಮರಳಿದ್ದರು ಅನ್ನಿ.

ಹೋಟೆಲಿನ ನಿಜವಾದ ಪರೀಕ್ಷೆ ಮುದ್ದೆಯಲ್ಲ, ಬಸ್ಸಾರು. ಸೊಪ್ಪು ಮತ್ತು ಕಾಳು ಬೇಯಿಸಿ ಕಟ್ಟು ಬಸಿದು, ಅದಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಯ ಜೊತೆ ಬೆಂದ ಕಾಳನ್ನೇ ಒಂದು ಹಿಡಿ ಅರೆದು ಕಲಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಬಿದ್ದರೆ ಪಲ್ಯ. ಒಂದು ಒಲೆ, ಒಂದು ಬೇಯುವಿಕೆ, ಎರಡು ಪದಾರ್ಥ. ಸೌದೆಯನ್ನೂ ಎಣಿಸಿ ಉರಿಸುತ್ತಿದ್ದ ಮನೆಗಳ ಜಾಣತನವಿದು. ಕಟ್ಟಿನ ಬದಲು ಬರೀ ನೀರಿಗೆ ಸಾರಿನ ಪುಡಿ ಕದಡಿದ್ದರೆ ಮೊದಲ ತುತ್ತಿನಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಅವರೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲೇ ಬೆಳೆಯುವ ಇದು ಚಳಿಗಾಲಕ್ಕೆ ಕಾಯಿ ಬಿಡುತ್ತದೆ. ಹಿದಕಿದ ಬೇಳೆಯ ಸಾರಿಗೆ ಚಿಂತಾಮಣಿ, ಕೋಲಾರದವರು ಪ್ರಾಣ ಬಿಡುತ್ತಾರೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಎಚ್‌ಎ–3, ಎಚ್‌ಎ–4 ತಳಿಗಳಿಂದ ಈಗ ಅವರೆ ವರ್ಷವಿಡೀ ಸಿಗುತ್ತದೆ, ಆದರೆ ಇಬ್ಬನಿ ಕಾಲದ ಕಾಯಿಯ ಸೊಗಡು ಅದಕ್ಕಿಲ್ಲ. ಹಾಗಾಗಿ ಗೌರಿಬಿದನೂರಿಗೆ ಮುದ್ದೆ ಊಟಕ್ಕೇ ಹೋಗುವವರು ಡಿಸೆಂಬರ್, ಜನವರಿಯಲ್ಲಿ ಹೋಗಿ. ಮುದ್ದೆ ಆರುವ ಮೊದಲೇ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿ.