ಬೋರಿಂಗ್ ಕಥೆ: ಪಾನಾ ಯಾರ ಕೈಯಲ್ಲಿತ್ತು?

ನಮ್ಮ ಕಡೆ ಹ್ಯಾಂಡ್‌ಪಂಪಿಗೆ ಬೋರಿಂಗ್ ಅನ್ನುತ್ತಾರೆ. ಬೋರಿಂಗ್ ಕೆಟ್ಟರೆ ಏನಾಗುತ್ತದೆ ಅನ್ನೋದು ಮೂವತ್ತು ದಾಟಿದ ಎಲ್ಲರಿಗೂ ಗೊತ್ತು. ಮೊದಲ ದಿನ ಹಿಡಿಕೆ ಹಗುರವಾಗಿ ಆಡುತ್ತದೆ, ನೀರು ಬರುವುದಿಲ್ಲ. ಮರುದಿನ ಯಾರೋ ಪಂಚಾಯಿತಿಗೆ ಹೇಳಿ ಬರುತ್ತಾರೆ. ಆಮೇಲೆ ರಿಪೇರಿ ಗಾಡಿಯ ದಾರಿ ಕಾಯುವುದು. ವಾರವೂ ಆಗಬಹುದು, ತಿಂಗಳೂ ಆಗಬಹುದು. ಅಷ್ಟೂ ದಿನ ಕೊಡ ಹೊತ್ತು ಹೊಲದ ಬಾವಿಗೆ ನಡೆಯುವವರು ಹೆಂಗಸರು, ಶಾಲೆಗೆ ಹೋಗಬೇಕಾದ ಹುಡುಗಿಯರು. ಕೊನೆಗೆ ಗಾಡಿ ಬಂದು ಪೈಪು ಎತ್ತಿ ನೋಡಿದರೆ, ಎಷ್ಟೋ ಸಲ ಹಾಳಾಗಿರುವುದು ಅಂಗೈಯಗಲದ ಒಂದು ವಾಷರ್.

ಒಂದು ವಾಷರಿಗೆ ಇಷ್ಟು ದಿನ ಯಾಕೆ ಕಾಯಬೇಕಿತ್ತು? ಇದಕ್ಕೆ ಐವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಬರ ಬಂತು, ಬೋರ್ ಬಂತು

1966-67ರಲ್ಲಿ ಬಿಹಾರ ಮತ್ತು ಉತ್ತರ ಪ್ರದೇಶದಲ್ಲಿ ಭೀಕರ ಬರ. ತೆರೆದ ಬಾವಿಗಳು ಬತ್ತಿದವು. ಆಗ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಹೊರದೇಶದಿಂದ ತರಿಸಿತು. ಬಂಡೆಯೊಳಗೆ ನೀರು ಸಿಕ್ಕಿತು. ಆದರೆ ಅದನ್ನು ಮೇಲೆತ್ತಲು ಹಾಕಿದ್ದು ಬೀಡು ಕಬ್ಬಿಣದ ಪಂಪು. ಅಮೆರಿಕ, ಯುರೋಪಿನ ತೋಟದ ಮನೆಗಳಲ್ಲಿ ಒಂದು ಕುಟುಂಬ ಬಳಸುತ್ತಿದ್ದ ಪಂಪಿನ ನಕಲು ಅದು. ಅಲ್ಲಿ ದಿನಕ್ಕೆ ನಾಲ್ಕಾರು ಸಲ ಒತ್ತುತ್ತಿದ್ದರು. ಇಲ್ಲಿ ಕೋಳಿ ಕೂಗುವ ಹೊತ್ತಿನಿಂದ ಕತ್ತಲಾಗುವ ತನಕ ಇಡೀ ಊರೇ ಒತ್ತುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಲೆಕ್ಕ ಹಾಕಿದಾಗ ನಾಲ್ಕು ಪಂಪಿನಲ್ಲಿ ಮೂರು ಕೆಟ್ಟು ನಿಂತಿದ್ದವು.

ಇದಕ್ಕೆ ದಾರಿ ತೋರಿಸಿದ್ದು ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರ. ಇವತ್ತಿಗೂ ಕನ್ನಡ ಕೇಳುವ ಊರು ಅದು. ಕಾಲೇಜು ಮೆಟ್ಟಿಲು ಹತ್ತದೆ ಕೆಲಸ ಮಾಡುತ್ತಲೇ ಕಲಿತ ಮೆಕ್ಯಾನಿಕ್ ಒಬ್ಬರು ಅಲ್ಲಿ ಉಕ್ಕಿನ ಪಂಪು ಮಾಡಿದ್ದರು. ಅದು ಬೇರೆಲ್ಲ ಪಂಪುಗಳಿಗಿಂತ ಹೆಚ್ಚು ಬಾಳಿಕೆ ಬರುತ್ತಿತ್ತು. ಸರ್ಕಾರ ಮತ್ತು ಯುನಿಸೆಫ್ ಅದನ್ನೇ ಆಧಾರವಾಗಿಟ್ಟುಕೊಂಡು ಹೊಸ ಪಂಪು ರೂಪಿಸಿದವು. ಸರ್ಕಾರಿ ಕಂಪನಿ ರಿಚರ್ಡ್‌ಸನ್ ಅಂಡ್ ಕ್ರುಡಾಸ್‌ನ ಮದ್ರಾಸ್ ಕಾರ್ಖಾನೆಯಲ್ಲಿ ತಯಾರಿಕೆ, ಕೊಯಮತ್ತೂರಿನ ಹಳ್ಳಿಗಳಲ್ಲಿ ಪರೀಕ್ಷೆ. ಅದೇ ಇಂಡಿಯಾ ಮಾರ್ಕ್-2. ನಿಮ್ಮೂರಿನ ಶಾಲೆ ಮುಂದೆಯೋ ಗುಡಿ ಪಕ್ಕದಲ್ಲೋ ಇರುವುದು ಬಹುತೇಕ ಇದೇ.

1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂತು. ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ಅವರನ್ನು ಪ್ರೀತಿಯಿಂದ ‘ನೀರ್ ಸಾಬ್’ ಅಂದರು. ಮೇಲ್ಜಾತಿಯವರ ಬಾವಿಗೆ ಕೊಡ ಇಳಿಸಲಾಗದ ಕೇರಿಗಳಿಗೆ ತಮ್ಮದೇ ಬೋರಿಂಗ್ ಅಂದರೆ ಬರೀ ನೀರಲ್ಲ, ಮರ್ಯಾದೆ ಕೂಡ.

ಗಟ್ಟಿ ಪಂಪು, ದೂರದ ರಿಪೇರಿ

ಮಾರ್ಕ್-2 ಗಟ್ಟಿಯೇನೋ ಹೌದು. ತೊಂದರೆ ಇದ್ದದ್ದು ನೆಲದ ಕೆಳಗೆ. ನೀರೆತ್ತುವ ಸಿಲಿಂಡರು, ವಾಷರು ಎಲ್ಲ ಬೋರಿನ ಆಳದಲ್ಲಿರುತ್ತವೆ. ಮೇಲಿನ ಪೈಪು ಸಿಲಿಂಡರಿಗಿಂತ ಸಣ್ಣದು. ಹಾಗಾಗಿ ಒಳಗಿನ ವಾಷರ್ ಬದಲಿಸಬೇಕೆಂದರೆ ಅಷ್ಟೂ ಪೈಪನ್ನು ಮೇಲೆತ್ತಲೇಬೇಕು. ಪೈಪಿನ ಒಂದು ತುಂಡು 3 ಮೀಟರ್. 100 ಅಡಿ ಇಳಿಸಿದ್ದರೆ ಹತ್ತು ತುಂಡು. ಪೈಪು, ರಾಡು ಸೇರಿ ಭಾರ 100 ಕೆಜಿ ದಾಟುತ್ತದೆ. ಅದಕ್ಕೆ ನಾಲ್ಕು ಜನ, ಪೈಪು ಹಿಡಿಯುವ ವಿಶೇಷ ಹತಾರ, ಗಾಡಿ ಬೇಕು. ಹತಾರ ಇದ್ದದ್ದು ತಾಲೂಕು, ಜಿಲ್ಲೆಯ ಮಟ್ಟದಲ್ಲಿ. ಬಾಯಾರಿಕೆ ಇದ್ದದ್ದು ಊರಲ್ಲಿ.

ತಮಿಳುನಾಡಿನಲ್ಲಿ ಇದಕ್ಕೆ ಮೂರು ಹಂತದ ವ್ಯವಸ್ಥೆ ಮಾಡಿದರು: ಊರಿಗೊಬ್ಬ ನೋಡಿಕೊಳ್ಳುವವ, ಬ್ಲಾಕಿಗೆ ಮೆಕ್ಯಾನಿಕ್, ಜಿಲ್ಲೆಗೆ ಗಾಡಿ. ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ ಕಟ್ಟಿದ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಹಳ್ಳಿಯ ಹುಡುಗರಿಗೇ ಕೆಲಸ ಕಲಿಸಿ ‘ಹ್ಯಾಂಡ್‌ಪಂಪ್ ಮಿಸ್ತ್ರಿ’ ಮಾಡಿತು. 1980ರ ದಶಕದಲ್ಲಿ ಮಾರ್ಕ್-3 ಬಂತು. ಇದರ ಪೈಪು 65 ಮಿ.ಮೀ. ಅಗಲ. ಹಾಗಾಗಿ ಪೈಪು ಎತ್ತದೆ ರಾಡು ಎಳೆದು ವಾಷರ್ ಬದಲಿಸಬಹುದು. ಊರಿನವರೇ ರಿಪೇರಿ ಮಾಡಿಕೊಳ್ಳಲಿ ಅನ್ನುವುದೇ ಇದರ ಉದ್ದೇಶ. ಆದರೆ ಅಗಲದ ಪೈಪು ತುಟ್ಟಿ, ಭಾರ ಕೂಡ. ನೀರು ಆಳಕ್ಕೆ ಹೋದ ಕಡೆ ಒಗ್ಗಲಿಲ್ಲ.

ಬಾಂದಾದ ಹೆಂಗಸರು

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯದು. 1980ರ ದಶಕದ ಕೊನೆಗೆ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶದಲ್ಲಿ ಶುರುವಾಯಿತು. ಬಾಂದಾದಲ್ಲಿ ಬಡ ಮನೆಗಳ, ಹೆಚ್ಚಿನಂಶ ದಲಿತ ಹೆಂಗಸರು ಹ್ಯಾಂಡ್‌ಪಂಪ್ ರಿಪೇರಿ ಕಲಿತರು. ಪಾನಾ ಹಿಡಿಯುವುದು ಗಂಡಸರ ಕೆಲಸ ಎಂಬ ಮಾತು ಎಲ್ಲ ಊರಲ್ಲೂ ಇದ್ದದ್ದೇ. ಸೀರೆ ಸೆರಗು ಸಿಕ್ಕಿಸಿ ಅವರೇ ಪೈಪು ಎತ್ತಿದರು.

ಕೆಲಸ ಕಲಿತ ಮೇಲೆ ಇನ್ನೊಂದು ಅಗತ್ಯ ಕಂಡಿತು. ಯಾವ ಬೋರಿಗೆ ಯಾವ ಭಾಗ ಹಾಕಿದೆವು ಅಂತ ಬರೆದಿಡಬೇಕು. ನಮಗೆ ಓದು ಬರಹ ಕಲಿಸಿ ಎಂದು ಅವರೇ ಕೇಳಿದರು. ಆ ಕಲಿಕೆಯಿಂದ ‘ಮಹಿಳಾ ಡಾಕಿಯಾ’ ಎಂಬ ಹಳ್ಳಿ ಪತ್ರಿಕೆ ಹೊರಟಿತು. ಅದರ ಮುಂದುವರಿಕೆಯಾಗಿ 2002ರಲ್ಲಿ ‘ಖಬರ್ ಲಹರಿಯಾ’ ಹುಟ್ಟಿತು. ಅದು ಇವತ್ತು ದೇಶಕ್ಕೇ ಗೊತ್ತಿರುವ ಗ್ರಾಮೀಣ ಹೆಂಗಸರ ಸುದ್ದಿಸಂಸ್ಥೆ. ಪತ್ರಿಕೋದ್ಯಮ ಕಲಿತ ನಮ್ಮಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ಮನೆಮನೆಗೆ ನಲ್ಲಿ

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ಪ್ರತಿ ಮನೆಗೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ನಮ್ಮಲ್ಲಿ ಅದರ ಹೆಸರು ‘ಮನೆ ಮನೆಗೆ ಗಂಗೆ’. ನಲ್ಲಿ ಬಂದ ಊರಲ್ಲಿ ಈಗ ಅದೇ ಹಳೆಯ ಪ್ರಶ್ನೆ. ಬೋರಿಂಗ್ ಊರಿಗೆ ಒಂದೆರಡು ಇದ್ದವು. ನಲ್ಲಿ ನೂರಾರು. ಒಬ್ಬ ವಾಟರ್‌ಮ್ಯಾನ್ ಎಷ್ಟು ಮನೆಗೆ ಓಡಾಡಿಯಾನು?

ಸಣ್ಣ ರಿಪೇರಿ ಮನೆಯವರೇ ಕಲಿಯಬೇಕು. ಕಷ್ಟವೇನಿಲ್ಲ.

ನಲ್ಲಿ ತೊಟ್ಟಿಕ್ಕುತ್ತಿದ್ದರೆ ಹೆಚ್ಚಾಗಿ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಮೊದಲು ಹಿಂದಿನ ವಾಲ್ವ್ ಮುಚ್ಚಿ. ನಲ್ಲಿ ತಿರುಗಿಸಿ ಉಳಿದ ನೀರು ಹೋಗಲು ಬಿಡಿ. ಆಮೇಲೆ ತಲೆ ಬಿಚ್ಚಿ ಹಳೆ ವಾಷರ್ ತೆಗೆದು, ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಅರ್ಧ ತಿರುವಿಗೆ ತೆರೆಯುವ ಹೊಸ ನಲ್ಲಿಯಲ್ಲಿ ಈ ವಾಷರ್ ಇರುವುದಿಲ್ಲ, ಒಳಗಿನ ಭಾಗವನ್ನೇ ಬದಲಿಸಬೇಕು.

ಮರೆಯಲ್ಲಿ ಸೋರುತ್ತಿದ್ದರೆ ಟೆಫ್ಲಾನ್ ಟೇಪ್ ಸಾಕು. ಹಳೆ ಟೇಪು ಕಿತ್ತು ಒರೆಸಿ, ಮರೆ ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಸುವಾಗ ಬಿಚ್ಚಿಕೊಳ್ಳುತ್ತದೆ.

ಹನಿ ಅಂತ ಸಸಾರ ಮಾಡಬೇಡಿ. ಮನೆ ಟ್ಯಾಂಕಿನ ನಲ್ಲಿಯ ಕೆಳಗೆ ಲೋಟ ಇಡಿ. 200 ಮಿಲಿ ಲೋಟ ಹತ್ತು ನಿಮಿಷಕ್ಕೆ ತುಂಬಿದರೆ ದಿನಕ್ಕೆ ಸುಮಾರು 29 ಲೀಟರ್ ಪೋಲು. ಒಬ್ಬರ ಪಾಲಿನ ಅರ್ಧಕ್ಕಿಂತ ಹೆಚ್ಚು. ಇನ್ನು ಚರಂಡಿಯಲ್ಲಿ ಹಾದ ಪೈಪು ಒಡೆದಿದ್ದರೆ ಒಂದು ದಿನವೂ ತಡ ಬೇಡ. ನೀರು ನಿಲ್ಲಿಸಿದಾಗ ಪೈಪು ಹೊರಗಿನ ಕೊಳಕನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೂಡಲೇ ಪಂಚಾಯಿತಿಗೆ ತಿಳಿಸಿ.

ಬೋರಿಂಗನ್ನೂ ಮರೆಯಬೇಡಿ. ಕರೆಂಟು ಹೋದ ದಿನ ಕೈಹಿಡಿಯುವುದು ಅದೇ. 40 ಸಲ ಪೂರ್ತಿ ಒತ್ತಿದರೆ ಸುಮಾರು 15 ಲೀಟರ್ ಬರಬೇಕು. 10ಕ್ಕಿಂತ ಕಡಿಮೆ ಬಂದರೆ ವಾಷರ್ ಸವೆದಿರಬಹುದು. ಅರ್ಧ ಗಂಟೆ ಬಿಟ್ಟು ಒತ್ತಿದಾಗ ಐದಾರು ಸಲಕ್ಕೂ ನೀರು ಬರದಿದ್ದರೆ ಕೆಳಗಿನ ವಾಲ್ವ್ ಅಥವಾ ಪೈಪಿನ ಮರೆ ಸೋರುತ್ತಿದೆ. ತಲೆಯ ಮುಚ್ಚಳ ತೆಗೆದು ಚೈನಿಗೆ ತಿಂಗಳಿಗೊಮ್ಮೆ ಗ್ರೀಸ್ ಹಚ್ಚುವುದು, ನಟ್ಟು ಬಿಗಿಸುವುದು ಊರಿನವರೇ ಮಾಡಬಹುದು. ಮುಚ್ಚಳ ತೆಗೆದಾಗ ಯಾರೂ ಹಿಡಿಕೆ ಮುಟ್ಟದಂತೆ ನೋಡಿಕೊಳ್ಳಿ, ಬೆರಳು ಜಜ್ಜೀತು. ಪೈಪು ಎತ್ತುವುದನ್ನು ಮಾತ್ರ ಬಲ್ಲವರಿಗೇ ಬಿಡಿ.

ಊರಿಗೆ ಕೆರೆಯಿದ್ದ ಕಾಲದಲ್ಲಿ ತೂಬು ಎತ್ತಿ ಇಳಿಸಲು ನೀರಗಂಟಿ ಇರುತ್ತಿದ್ದ. ನೀರು ಹೆಚ್ಚುಕಮ್ಮಿಯಾದರೆ ಯಾರನ್ನು ಕೇಳಬೇಕು ಅಂತ ಊರಿಗೆಲ್ಲ ಗೊತ್ತಿತ್ತು. ಈಗ ಊರಿನ ನೀರು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ನಿಯಮವೇ ಇದೆ. ಮುಂದಿನ ಗ್ರಾಮಸಭೆಗೆ ಹೋದಾಗ ಮೂರೇ ಪ್ರಶ್ನೆ ಕೇಳಿ. ನಮ್ಮೂರಿನ ರಿಪೇರಿ ಸಾಮಾನು ಎಲ್ಲಿದೆ? ಬಳಸಲು ಬರುವವರು ಯಾರು? ಅವರಲ್ಲಿ ಹೆಂಗಸರು ಎಷ್ಟು ಜನ?